ಆರು ಹೆಸರು, ಒಂದು ಪಾತ್ರ: ಸೂಪರ್‌ಹೀರೋ ಸೀಕ್ವೆಲ್‌ನ ಗಾಳಿಸುದ್ದಿ ಓದುವುದು ಹೇಗೆ?

ಒಂದು ಸೂಪರ್‌ಹೀರೋ ಸಿನಿಮಾ ಗೆಲ್ಲುತ್ತದೆ. ಮುಂದಿನ ಭಾಗ ಬರುತ್ತದೆ ಅಂತ ಗೊತ್ತಾಗುತ್ತದೆ. ಅಲ್ಲಿಂದ ಹೆಸರುಗಳು ತೇಲಿಬರಲು ಶುರು. ನಾಯಕಿ ಪಾತ್ರಕ್ಕೆ ಇವರಂತೆ, ಖಳನಾಯಕಿ ಪಾತ್ರಕ್ಕೆ ಅವರಂತೆ. ಸೋಮವಾರ ಒಬ್ಬರು, ಗುರುವಾರ ಇನ್ನೊಬ್ಬರು. ಮೆಚ್ಚಿನ ನಟಿಯ ಹೆಸರು ಕಂಡರೆ ಖುಷಿಯಾಗುತ್ತದೆ, ನಾಲ್ಕು ಜನಕ್ಕೆ ಹೇಳುತ್ತೇವೆ. ಎರಡು ತಿಂಗಳಾದ ಮೇಲೆ ನೋಡಿದರೆ ಆ ಪಾತ್ರ ಬೇರೆ ಯಾರದೋ ಪಾಲಾಗಿರುತ್ತದೆ. ಹಾಗಾದರೆ ಮೊದಲು ಬಂದ ಹೆಸರುಗಳೆಲ್ಲ ಸುಳ್ಳಾ?

ಬಹಳಷ್ಟು ಸಲ ಪೂರ್ತಿ ಸುಳ್ಳಾಗಿರುವುದಿಲ್ಲ. ಆ ನಟಿಯ ಹೆಸರು ಎಲ್ಲೋ ಒಂದು ಕಡೆ, ಯಾವುದೋ ಒಂದು ಹಂತದಲ್ಲಿ ಬಂದೇ ಇರುತ್ತದೆ. ಯಾವ ಹಂತ ಅನ್ನುವುದನ್ನು ಮಾತ್ರ ಸುದ್ದಿ ಹೇಳುವುದಿಲ್ಲ. ಹಂತ ಗೊತ್ತಾದರೆ ಆ ಸುದ್ದಿಗೆ ಎಷ್ಟು ಬೆಲೆ ಕೊಡಬೇಕು ಅನ್ನುವುದೂ ಗೊತ್ತಾಗುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ಹಳೆಯ ಉದಾಹರಣೆಯೇ ಒಳ್ಳೆಯದು, ಏಕೆಂದರೆ ಕೊನೆಗೆ ಏನಾಯಿತು ಅನ್ನುವುದು ನಮಗೆ ಗೊತ್ತಿದೆ. ಕ್ರಿಸ್ಟೋಫರ್ ನೋಲನ್ ಅವರ ಬ್ಯಾಟ್‌ಮ್ಯಾನ್ ಸರಣಿಯ ಮೂರನೇ ಚಿತ್ರ 'ದಿ ಡಾರ್ಕ್ ನೈಟ್ ರೈಸಸ್' ತಯಾರಾಗುತ್ತಿದ್ದ ಕಾಲ. 2010ರ ಕೊನೆಯ ತಿಂಗಳುಗಳಲ್ಲಿ ಆರು ನಟಿಯರ ಹೆಸರು ಒಟ್ಟಿಗೆ ಹೊರಬಂತು: ರೇಚಲ್ ವೈಸ್, ನವೋಮಿ ವಾಟ್ಸ್, ನ್ಯಾಟಲಿ ಪೋರ್ಟ್‌ಮನ್, ಆ್ಯನ್ ಹ್ಯಾಥವೇ, ಕೀರಾ ನೈಟ್ಲಿ, ಬ್ಲೇಕ್ ಲೈವ್ಲಿ. ಯಾವ ಪಾತ್ರಕ್ಕೆ ಅನ್ನುವುದು ಖಚಿತವಾಗಿರಲಿಲ್ಲ. ಅದಾಗಿ ಹೆಚ್ಚು ದಿನ ಕಳೆಯಲಿಲ್ಲ. 2011ರ ಜನವರಿ 19ರಂದು ವಾರ್ನರ್ ಬ್ರದರ್ಸ್ ಘೋಷಿಸಿತು: ಸೆಲೀನಾ ಕೈಲ್, ಅಂದರೆ ಬೆಕ್ಕಿನ ವೇಷದ ಕಳ್ಳಿ ಕ್ಯಾಟ್‌ವುಮನ್, ಪಾತ್ರಕ್ಕೆ ಆ್ಯನ್ ಹ್ಯಾಥವೇ.

ಆರರಲ್ಲಿ ಒಬ್ಬರು ಆದರು. ಉಳಿದ ಐವರ ಕಥೆ ಏನು?

ಪಾತ್ರ ಹಂಚುವವರು ಯಾರು?

ನಿರ್ದೇಶಕರು ಮನಸ್ಸಿಗೆ ಬಂದ ನಟಿಗೆ ಫೋನ್ ಮಾಡಿ ಕರೆಯುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಲಿವುಡ್‌ನ ದೊಡ್ಡ ಚಿತ್ರಗಳಲ್ಲಿ ನಡುವೆ ಇನ್ನೂ ಕೆಲವರು ಇರುತ್ತಾರೆ.

ಮೊದಲನೆಯವರು ಕಾಸ್ಟಿಂಗ್ ಡೈರೆಕ್ಟರ್. ಕಥೆ ಓದಿ, ಪ್ರತಿ ಪಾತ್ರಕ್ಕೂ ಹೊಂದುವ ಕಲಾವಿದರನ್ನು ಹುಡುಕುವುದೇ ಇವರ ಕೆಲಸ. ನೋಲನ್ ಅವರ ಬ್ಯಾಟ್‌ಮ್ಯಾನ್ ಚಿತ್ರಗಳಿಗೆ ಈ ಕೆಲಸ ಮಾಡಿದವರು ಜಾನ್ ಪ್ಯಾಪ್ಸಿಡೆರಾ. ಮಾರ್ವೆಲ್ ಸ್ಟುಡಿಯೋಸ್ ಚಿತ್ರಗಳಿಗೆ ಬಹುಪಾಲು ಸಾರಾ ಫಿನ್. ಪರದೆಯ ಮೇಲೆ ಇವರ ಹೆಸರು ಕ್ಷಣಮಾತ್ರ ಬಂದು ಹೋಗುತ್ತದೆ. ಇಷ್ಟು ದೊಡ್ಡ ಕೆಲಸಕ್ಕೆ ಆಸ್ಕರ್‌ನಲ್ಲಿ ಪ್ರತ್ಯೇಕ ಪ್ರಶಸ್ತಿ ಸಿಕ್ಕಿದ್ದು 2025ರಲ್ಲಿ ಬಿಡುಗಡೆಯಾದ ಚಿತ್ರಗಳಿಂದ ಈಚೆಗಷ್ಟೇ. ತುಂಬಾ ತಡವಾಯಿತು ಅಂತಲೇ ನನ್ನ ಅನಿಸಿಕೆ.

ಎರಡನೆಯವರು ನಟಿಯ ಏಜೆಂಟ್. ಡೇಟ್ಸ್, ಸಂಭಾವನೆ, ಕರಾರು ಎಲ್ಲ ಇವರ ಮೂಲಕವೇ. ಮೂರನೆಯದು ದುಡ್ಡು ಹಾಕುವ ಸ್ಟುಡಿಯೋ. ನಿರ್ದೇಶಕರಿಗೆ ಇಷ್ಟವಾದರೂ ಸ್ಟುಡಿಯೋ ಒಪ್ಪಬೇಕು. ಈ ಮೂರು ಕಡೆಯೂ ಹತ್ತಾರು ಜನ ಕೆಲಸ ಮಾಡುತ್ತಾರೆ. ಸುದ್ದಿ ಸೋರಲು ಅಷ್ಟು ಬಾಗಿಲುಗಳಿವೆ ಅಂತಾಯಿತು.

ಒಂದು ಹೆಸರು ಹತ್ತುವ ಮೆಟ್ಟಿಲುಗಳು

ಒಂದು ಒಳ್ಳೆಯ ಕೆಲಸಕ್ಕೆ ಜನರನ್ನು ಆರಿಸುವ ರೀತಿಯನ್ನು ನೆನಪಿಸಿಕೊಳ್ಳಿ. ಅರ್ಜಿ ನೋಡಿದ್ದು ನೂರು ಜನರದು, ಫೋನ್ ಮಾಡಿ ವಿಚಾರಿಸಿದ್ದು ಇಪ್ಪತ್ತು ಜನರನ್ನು, ಎದುರು ಕೂರಿಸಿ ಮಾತಾಡಿದ್ದು ಐವರ ಜೊತೆ, ಕೆಲಸ ಸಿಕ್ಕಿದ್ದು ಒಬ್ಬರಿಗೆ. ಈ ನೂರೂ ಜನ "ಆ ಕೆಲಸಕ್ಕೆ ನನ್ನ ಹೆಸರಿತ್ತು" ಅಂದರೆ ಅದು ಸುಳ್ಳಲ್ಲ. ಆದರೆ ನೂರೂ ಹೆಸರಿಗೆ ಒಂದೇ ತೂಕ ಇಲ್ಲ, ಅಲ್ವಾ?

ಸಿನಿಮಾದಲ್ಲೂ ಹಾಗೆಯೇ. ಎಲ್ಲಕ್ಕಿಂತ ಕೆಳಗಿರುವುದು ಬರೀ ಪಟ್ಟಿ. ಕಾಸ್ಟಿಂಗ್ ಡೈರೆಕ್ಟರ್ ಒಂದು ಪಾತ್ರದ ಕೆಳಗೆ ಇಪ್ಪತ್ತು, ಮೂವತ್ತು ಹೆಸರು ಬರೆದುಕೊಳ್ಳಬಹುದು. ಆ ನಟಿಯರಿಗೆ ಈ ವಿಷಯ ಗೊತ್ತೇ ಇರುವುದಿಲ್ಲ.

ಅದರ ಮೇಲಿನ ಮೆಟ್ಟಿಲು ಡೇಟ್ಸ್ ವಿಚಾರಿಸುವುದು. ಗಾಳಿಸುದ್ದಿ ಹುಟ್ಟಲು ಹೇಳಿ ಮಾಡಿಸಿದ ಜಾಗ ಇದು. ಕಾಸ್ಟಿಂಗ್ ಕಚೇರಿಯಿಂದ ಏಜೆಂಟ್‌ಗೆ ಒಂದು ಫೋನ್ ಹೋಗುತ್ತದೆ. "ಮೇ ತಿಂಗಳಿಂದ ಆರು ತಿಂಗಳು ನಿಮ್ಮ ನಟಿ ಬಿಡುವಾಗಿದ್ದಾರಾ?" ಅಷ್ಟೇ ಪ್ರಶ್ನೆ. ಯಾವ ಸಿನಿಮಾ ಅಂತಲೂ ಕೆಲವೊಮ್ಮೆ ಹೇಳುವುದಿಲ್ಲ. ಆದರೆ ಆ ಕಚೇರಿ ಯಾವ ಚಿತ್ರಕ್ಕೆ ಕೆಲಸ ಮಾಡುತ್ತಿದೆ ಅನ್ನುವುದು ಏಜೆಂಟ್‌ಗೆ ಗೊತ್ತಿರುತ್ತದೆ. ಪಕ್ಕದ ಟೇಬಲ್‌ನವರಿಗೂ ಗೊತ್ತಿರುತ್ತದೆ. ಸಂಜೆಯ ಹೊತ್ತಿಗೆ ಯಾರೋ ಪತ್ರಕರ್ತರ ಕಿವಿಗೆ ಅದು ಬಿದ್ದಿರುತ್ತದೆ. ಎರಡು ನಿಮಿಷದ ಫೋನ್ ಮಾತು ಮರುದಿನ "ಸೂಪರ್‌ಹೀರೋ ಚಿತ್ರಕ್ಕೆ ಈ ನಟಿ?" ಅನ್ನುವ ಸುದ್ದಿಯಾಗುತ್ತದೆ.

ಮೂರನೆಯದು ಭೇಟಿ. ಹೆಸರು ಮಾಡಿದ ನಟಿಯರನ್ನು ನೇರವಾಗಿ ಪರೀಕ್ಷೆಗೆ ಕರೆಯದೆ, ನಿರ್ದೇಶಕರು ಸುಮ್ನೆ ಒಂದು ಗಂಟೆ ಕೂತು ಮಾತಾಡುವುದುಂಟು. ಆಮೇಲೆ ಆಡಿಷನ್. ಇದಕ್ಕೆ ಕೊಡುವ ಒಂದೆರಡು ದೃಶ್ಯಗಳ ಹಾಳೆಗಳನ್ನು 'ಸೈಡ್ಸ್' ಎನ್ನುತ್ತಾರೆ. ಗುಟ್ಟು ಕಾಯುವ ದೊಡ್ಡ ಚಿತ್ರಗಳಲ್ಲಿ ಈ ಹಾಳೆಗಳಲ್ಲಿ ಅಸಲಿ ದೃಶ್ಯ ಇರದಿರಬಹುದು. ಪಾತ್ರದ ಹೆಸರು ಬೇರೆ, ಸನ್ನಿವೇಶ ಬೇರೆ. ಕದ್ದು ಓದಿದರೂ ಕಥೆ ತಿಳಿಯಬಾರದು ಅಂತ ಆಡಿಷನ್‌ಗೆಂದೇ ಬರೆಸಿದ ಮಾತುಗಳು.

ಇದರ ಮೇಲೆ ಸ್ಕ್ರೀನ್ ಟೆಸ್ಟ್. ಮೇಕಪ್ ಹಾಕಿ, ಕೆಲವೊಮ್ಮೆ ವೇಷವನ್ನೂ ತೊಡಿಸಿ, ಕ್ಯಾಮೆರಾ ಮುಂದೆ ನಾಯಕನ ಜೊತೆ ನಿಲ್ಲಿಸುತ್ತಾರೆ. ಇಬ್ಬರ ನಡುವೆ ಕೆಮಿಸ್ಟ್ರಿ ಕೂಡುತ್ತದಾ ಅಂತ ನೋಡುತ್ತಾರೆ. ಇಲ್ಲಿಗೆ ಬಂದವರು ಕೈಬೆರಳೆಣಿಕೆಯಷ್ಟು ಜನ. ಹಾಗಂತ ಇದನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ನೋಲನ್ ಸರಣಿಯ ಮೊದಲ ಚಿತ್ರ 'ಬ್ಯಾಟ್‌ಮ್ಯಾನ್ ಬಿಗಿನ್ಸ್'ಗಾಗಿ ನಾಯಕ ಕ್ರಿಶ್ಚಿಯನ್ ಬೇಲ್ ಅವರ ಸ್ಕ್ರೀನ್ ಟೆಸ್ಟ್ ನಡೆದಾಗ ಎದುರಿಗೆ ನಾಯಕಿಯ ಮಾತು ಹೇಳಿದವರು ಏಮಿ ಆಡಮ್ಸ್. ಆದರೆ ಅವರು ಬಂದಿದ್ದು ಎದುರು ನಿಂತು ಮಾತು ಹೇಳಿ ಸಹಾಯ ಮಾಡಲು ಮಾತ್ರ. ಆ ಪಾತ್ರ ಹೋಗಿದ್ದು ಕೇಟಿ ಹೋಮ್ಸ್‌ಗೆ. ಅದೇ ಚಿತ್ರಕ್ಕೆ ಬ್ಯಾಟ್‌ಮ್ಯಾನ್ ವೇಷ ತೊಟ್ಟು ಟೆಸ್ಟ್ ಕೊಟ್ಟ ಕಿಲಿಯನ್ ಮರ್ಫಿ ಕೊನೆಗೆ ಖಳನಾಯಕ ಸ್ಕೇರ್‌ಕ್ರೋ ಆದರು.

ಕೊನೆಯ ಎರಡು ಮೆಟ್ಟಿಲು ಆಫರ್ ಮತ್ತು ಸಹಿ. ಇವೆರಡರ ನಡುವೆ ಸಂಭಾವನೆ, ಡೇಟ್ಸ್, ಮುಂದೆ ಎಷ್ಟು ಚಿತ್ರಗಳಿಗೆ ಬದ್ಧರಾಗಿರಬೇಕು ಅನ್ನುವ ಚೌಕಾಶಿ ನಡೆಯುತ್ತದೆ. ಸೂಪರ್‌ಹೀರೋ ಚಿತ್ರಗಳಲ್ಲಿ ಈ ಕೊನೆಯದು ದೊಡ್ಡ ವಿಷಯ. ಸ್ಯಾಮ್ಯುಯಲ್ ಎಲ್. ಜಾಕ್ಸನ್ 2009ರಲ್ಲಿ ಮಾರ್ವೆಲ್ ಜೊತೆ ಒಂಬತ್ತು ಚಿತ್ರಗಳ ಕರಾರು ಮಾಡಿಕೊಂಡಿದ್ದರು. ಒಂದು ಪಾತ್ರಕ್ಕೆ ಹ್ಞೂಂ ಅನ್ನುವುದೆಂದರೆ ಬಾಳಿನ ಹತ್ತು ವರ್ಷಕ್ಕೆ ಹ್ಞೂಂ ಅಂದ ಹಾಗೆ.

ಸುದ್ದಿಯ ಪದಗಳಲ್ಲೇ ಸುಳಿವಿದೆ

ಹಾಲಿವುಡ್‌ನಲ್ಲಿ ಚಿತ್ರೋದ್ಯಮದ ಸುದ್ದಿಗೆಂದೇ ಪತ್ರಿಕೆಗಳಿವೆ. ವೆರೈಟಿ 1905ರಿಂದ, ದಿ ಹಾಲಿವುಡ್ ರಿಪೋರ್ಟರ್ 1930ರಿಂದ ನಡೆಯುತ್ತಿವೆ. ಡೆಡ್‌ಲೈನ್ 2006ರಲ್ಲಿ ಶುರುವಾದದ್ದು. ಇವರು ಪದಗಳನ್ನು ಅಳೆದು ತೂಗಿ ಬಳಸುತ್ತಾರೆ. ನಮ್ಮ ತನಕ ಬರುವಾಗ ಆ ಅಳತೆ ಕಳೆದುಹೋಗಿರುತ್ತದೆ.

"ಕಣ್ಣಿಟ್ಟಿದ್ದಾರೆ" ಅಂದರೆ ಚಿತ್ರತಂಡಕ್ಕೆ ಆಸೆ ಇದೆ, ನಟಿಗೆ ವಿಷಯ ಮುಟ್ಟಿದೆಯೋ ಇಲ್ಲವೋ ಗೊತ್ತಿಲ್ಲ. "ಭೇಟಿಯಾಗಿದ್ದಾರೆ" ಅಂದರೆ ಮೂರನೇ ಮೆಟ್ಟಿಲು. "ಮುಂಚೂಣಿಯಲ್ಲಿದ್ದಾರೆ" ಅಂದರೆ ಇನ್ನೂ ಬೇರೆಯವರೂ ಇದ್ದಾರೆ ಅಂತಲೇ ಅರ್ಥ. "ಮಾತುಕತೆ ನಡೆದಿದೆ" ಅನ್ನುವುದು ಸ್ವಲ್ಪ ಗಟ್ಟಿ, ಏಕೆಂದರೆ ಅಷ್ಟರಲ್ಲಿ ಸಾಮಾನ್ಯವಾಗಿ ಆಫರ್ ಹೋಗಿರುತ್ತದೆ. "ಅಂತಿಮ ಮಾತುಕತೆ" ಅಂದರೆ ಸಹಿಯೊಂದು ಬಾಕಿ. "ಬೇಡ ಅಂದರು" ಅನ್ನುವ ಸುದ್ದಿಯನ್ನು ಮಾತ್ರ ಹುಷಾರಾಗಿ ಓದಬೇಕು. ನಟಿಯೇ ಬಿಟ್ಟರೋ, ಚಿತ್ರತಂಡವೇ ಕೈಬಿಟ್ಟ ಮೇಲೆ ಮರ್ಯಾದೆಗೆ ಹಾಗೆ ಹೇಳಿದರೋ, ಹೊರಗಿನವರಿಗೆ ತಿಳಿಯುವುದಿಲ್ಲ.

ಇನ್ನೊಂದು ಬಗೆ ಇದೆ. ಅಭಿಮಾನಿಗಳ ಆಸೆಯೇ ಸುದ್ದಿಯ ವೇಷ ಹಾಕಿಕೊಂಡು ಬರುವುದು. 'ಫೆಂಟಾಸ್ಟಿಕ್ ಫೋರ್' ತಂಡದ ಸೂ ಸ್ಟಾರ್ಮ್ ಪಾತ್ರಕ್ಕೆ ಎಮಿಲಿ ಬ್ಲಂಟ್ ಬರಬೇಕು ಅಂತ ಜನ ವರ್ಷಗಟ್ಟಲೆ ಹೇಳುತ್ತಿದ್ದರು. ಎಷ್ಟು ಹೇಳಿದರೆಂದರೆ ಅದು ನಿಜವೇ ಇರಬೇಕು ಅನ್ನಿಸುತ್ತಿತ್ತು. 2024ರ ಫೆಬ್ರವರಿ 14ರಂದು ಮಾರ್ವೆಲ್ ಪ್ರಕಟಿಸಿದ ಹೆಸರು ವನೆಸಾ ಕರ್ಬಿ.

ಆ ಆರು ಹೆಸರನ್ನು ತೂಗಿ ನೋಡೋಣ

ಈಗ 2010ರ ಪಟ್ಟಿಗೆ ಮರಳೋಣ. ಸುಮ್ನೆ "ಯಾರು ಚೆನ್ನಾಗಿರುತ್ತಾರೆ" ಅಂತ ಯೋಚಿಸುವ ಬದಲು, ಚಿತ್ರತಂಡ ಏನೇನು ನೋಡಿರಬಹುದು ಅಂತ ಯೋಚಿಸಿದರೆ ಪಟ್ಟಿ ಬೇರೆಯೇ ಕಾಣುತ್ತದೆ.

ಮೊದಲು ವಯಸ್ಸು. ಆಗ ಬ್ಲೇಕ್ ಲೈವ್ಲಿಗೆ 23, ನವೋಮಿ ವಾಟ್ಸ್‌ಗೆ 42. ನಾಯಕ ಬೇಲ್‌ಗೆ 36. ಒಂದೇ ಪಾತ್ರಕ್ಕೆ ಇಷ್ಟು ಅಂತರದ ಇಬ್ಬರನ್ನು ನೋಡುವುದು ಅಪರೂಪ. ಹಾಗಾಗಿ ಪಟ್ಟಿಯನ್ನು ನೋಡಿದರೇ ಒಂದು ಅನುಮಾನ ಬರಬೇಕಿತ್ತು: ಇಲ್ಲಿರುವುದು ಒಂದು ಪಾತ್ರ ಅಲ್ಲ. ಅದು ನಿಜವೂ ಆಯಿತು. ಚಿತ್ರದಲ್ಲಿ ಸೆಲೀನಾ ಕೈಲ್ ಅಲ್ಲದೆ ಇನ್ನೊಂದು ದೊಡ್ಡ ಸ್ತ್ರೀಪಾತ್ರವಿತ್ತು. ಪಟ್ಟಿಯಲ್ಲಿರುವ ವಯಸ್ಸುಗಳನ್ನು ನೋಡುವುದು ನನಗೆ ಈಗಲೂ ಅಭ್ಯಾಸ. ಹೆಸರುಗಳಿಗಿಂತ ಜಾಸ್ತಿ ವಿಷಯ ಅವು ಹೇಳುತ್ತವೆ.

ಎರಡನೆಯದು, ನಟಿಗೆ ಈಗಾಗಲೇ ಇರುವ ಸೂಪರ್‌ಹೀರೋ ನಂಟು. ಲೈವ್ಲಿ ಆಗಷ್ಟೇ 'ಗ್ರೀನ್ ಲ್ಯಾಂಟರ್ನ್' ಚಿತ್ರದ ನಾಯಕಿ. ಬ್ಯಾಟ್‌ಮ್ಯಾನ್‌ನ ಹಾಗೆ ಅದೂ ಡಿಸಿ ಕಾಮಿಕ್ಸ್‌ನದೇ, ಅದೂ ವಾರ್ನರ್ ಬ್ರದರ್ಸ್‌ನದೇ. ಅದು 2011ರ ಜೂನ್‌ನಲ್ಲಿ ತೆರೆಗೆ ಬರಬೇಕಿತ್ತು. ಒಂದೇ ಮನೆಯ ಎರಡು ಸರಣಿಗಳಲ್ಲಿ ಒಂದೇ ಮುಖ ಇಟ್ಟರೆ ನೋಡುಗರಿಗೆ ಗೊಂದಲ. ಪೋರ್ಟ್‌ಮನ್ ಮಾರ್ವೆಲ್‌ನ 'ಥಾರ್' ಚಿತ್ರದಲ್ಲಿದ್ದರು, ಅದು 2011ರ ಮೇ ತಿಂಗಳಿಗೆ ಸಿದ್ಧವಾಗುತ್ತಿತ್ತು. ಬೇರೆ ಮನೆ ನಿಜ, ಆದರೆ ಅಲ್ಲೂ ಮುಂದಿನ ಭಾಗಗಳು ಬರುವುದಿತ್ತು.

ಮೂರನೆಯದು ಕಾಲ್‌ಶೀಟ್. ಚಿತ್ರೀಕರಣ ಶುರುವಾದದ್ದು 2011ರ ಮೇ ತಿಂಗಳಲ್ಲಿ, ಅದೂ ಜೋಧಪುರದಲ್ಲಿ. ಪೋರ್ಟ್‌ಮನ್ ತಾವು ತಾಯಿಯಾಗುತ್ತಿರುವುದನ್ನು 2010ರ ಡಿಸೆಂಬರ್ ಕೊನೆಗೆ ತಿಳಿಸಿದರು. ಆ ಬೇಸಿಗೆಯಲ್ಲಿ ಅವರು ಜಿಗಿಯುವ, ಹೊಡೆದಾಡುವ ಪಾತ್ರ ಮಾಡುವುದು ಕಷ್ಟವಿತ್ತು. ಆದರೆ ಇದನ್ನೇ ನಿಯಮ ಮಾಡಿಕೊಳ್ಳಬೇಡಿ. ಅದೇ ಚಿತ್ರದ ಇನ್ನೊಂದು ಪಾತ್ರಕ್ಕೆ ಆಯ್ಕೆಯಾದ ಮಾರಿಯೋನ್ ಕೊಟಿಯಾರ್ 2011ರ ಮೇ ತಿಂಗಳಲ್ಲೇ ಮಗುವಿಗೆ ಜನ್ಮ ಕೊಟ್ಟರು. ಕೊಟಿಯಾರ್‌ಗಾಗಿ ನೋಲನ್ ಶೆಡ್ಯೂಲ್ ಹೊಂದಿಸಿಕೊಂಡರು. ನಿರ್ದೇಶಕರು ಬೇಕೇ ಬೇಕು ಅಂದರೆ ಕ್ಯಾಲೆಂಡರ್ ಬಗ್ಗುತ್ತದೆ.

ವೈಸ್ ಆಗಲೇ ಆಸ್ಕರ್ ಗೆದ್ದವರು. ವಾಟ್ಸ್ ಮತ್ತು ನೈಟ್ಲಿ ಇಬ್ಬರೂ ನಾಮನಿರ್ದೇಶನ ಪಡೆದವರು. ನಟನೆಯಲ್ಲಿ ಯಾರೂ ಕಡಿಮೆ ಇರಲಿಲ್ಲ. ಗಾಳಿಸುದ್ದಿ ಓದುವಾಗ ನಾವು ಮರೆಯುವ ವಿಷಯ ಇದು. ಪಾತ್ರ ಸಿಗದವರು ಕಡಿಮೆ ನಟಿಯರು ಅಂತ ಅಲ್ಲ. ಬೇಕಾಗಿದ್ದ ಆಕಾರಕ್ಕೆ ಅವರು ಹೊಂದಲಿಲ್ಲ, ಅಥವಾ ಹೊಂದುವ ಹೊತ್ತಿಗೆ ಕೈಗೆ ಸಿಗಲಿಲ್ಲ. ವೈಸ್ ಮುಂದೆ 2021ರ 'ಬ್ಲ್ಯಾಕ್ ವಿಡೋ' ಚಿತ್ರದಲ್ಲಿ ಸೂಪರ್‌ಹೀರೋ ಲೋಕಕ್ಕೆ ಬಂದೇ ಬಂದರು.

ಹ್ಯಾಥವೇ ಹೆಸರು ಅಂದು ಹಲವರಿಗೆ ಅಚ್ಚರಿ ತಂದಿತ್ತು. ರಾಜಕುಮಾರಿ, ಮುಗ್ಧ ಹುಡುಗಿ, ನಗು ಬರಿಸುವ ಪಾತ್ರಗಳಿಂದ ಹೆಸರಾದವರು ಕಳ್ಳಿಯ ಪಾತ್ರಕ್ಕೆ ಹೇಗೆ ಅಂತ. ಆದರೆ ಗಮನಿಸಿದವರಿಗೆ ಒಂದು ಸುಳಿವಿತ್ತು. ಸ್ಯಾಮ್ ರೈಮಿ ಮಾಡಬೇಕಿದ್ದ ನಾಲ್ಕನೇ ಸ್ಪೈಡರ್‌ಮ್ಯಾನ್ ಚಿತ್ರದಲ್ಲಿ ಫೆಲಿಶಿಯಾ ಹಾರ್ಡಿ ಪಾತ್ರ ಅವರದಾಗಬೇಕಿತ್ತು. ಕಾಮಿಕ್ಸ್‌ನಲ್ಲಿ ಫೆಲಿಶಿಯಾಗೆ ಇನ್ನೊಂದು ಹೆಸರು ಬ್ಲ್ಯಾಕ್ ಕ್ಯಾಟ್. ಅವಳೂ ಕಳ್ಳಿಯೇ. 2010ರ ಜನವರಿಯಲ್ಲಿ ಆ ಚಿತ್ರ ನಿಂತುಹೋಯಿತು. ಒಂದು ಬೆಕ್ಕಿನ ಪಾತ್ರ ಕೈಬಿಟ್ಟು ಹೋದ ವರ್ಷಕ್ಕೆ ಇನ್ನೊಂದು ಬೆಕ್ಕು ಸಿಕ್ಕಿತು. ಒಂದು ಸ್ಟುಡಿಯೋ ಅಂಥ ಪಾತ್ರಕ್ಕೆ ಇವರನ್ನು ನಂಬಿತ್ತು ಅನ್ನುವುದು ಇನ್ನೊಂದು ಸ್ಟುಡಿಯೋಗೆ ಸಣ್ಣ ಮಾತಲ್ಲ.

ಸಿಕ್ಕ ಪಾತ್ರವೂ ಕೈತಪ್ಪಬಹುದು

'ಐರನ್ ಮ್ಯಾನ್ 2' ಚಿತ್ರದ ಬ್ಲ್ಯಾಕ್ ವಿಡೋ ಪಾತ್ರ ಮೊದಲು ಬಂದಿದ್ದು ಎಮಿಲಿ ಬ್ಲಂಟ್ ಹತ್ತಿರ. ಅವರು ಮಾಡಲಾಗಲಿಲ್ಲ. ಕಾರಣ, 2006ರ 'ದಿ ಡೆವಿಲ್ ವೇರ್ಸ್ ಪ್ರಾಡಾ' ಚಿತ್ರದ ಕರಾರಿನಲ್ಲಿ ಅದೇ ಸ್ಟುಡಿಯೋಗೆ ಮುಂದೆ ಇನ್ನೊಂದು ಚಿತ್ರ ಮಾಡಿಕೊಡಬೇಕು ಅಂತ ಇತ್ತು. ಇದನ್ನು ಚಿತ್ರರಂಗದವರು 'ಆಪ್ಷನ್' ಎನ್ನುತ್ತಾರೆ: ಬೇಕೆಂದಾಗ ಕರೆಯುವ ಹಕ್ಕು ಸ್ಟುಡಿಯೋದ್ದು, ಬರಬೇಕಾದ ಹೊಣೆ ಕಲಾವಿದರದ್ದು. ಸ್ಟುಡಿಯೋ ಆ ಹಕ್ಕು ಬಳಸಿ 'ಗಲಿವರ್ಸ್ ಟ್ರಾವೆಲ್ಸ್' ಚಿತ್ರಕ್ಕೆ ಕರೆಯಿತು. ಬ್ಲಂಟ್ ಹೋಗಲೇಬೇಕಾಯಿತು.

ಇತ್ತ ಸ್ಕಾರ್ಲೆಟ್ ಜೊಹಾನ್ಸನ್ ಅದೇ ಪಾತ್ರಕ್ಕಾಗಿ ನಿರ್ದೇಶಕರನ್ನು ಭೇಟಿಯಾಗಿದ್ದರು. ಮೊದಲು ಸಿಕ್ಕಿರಲಿಲ್ಲ. ಪಾತ್ರ ಕೈಗೆ ಬರುವ ಮೊದಲೇ ಕೂದಲಿಗೆ ಕೆಂಪು ಬಣ್ಣ ಹಾಕಿಸಿಕೊಂಡಿದ್ದರು. ಬ್ಲಂಟ್ ಬಿಟ್ಟ ಮೇಲೆ ಕರೆ ಬಂತು. 2010ರಿಂದ 2021ರವರೆಗೆ ಆ ಪಾತ್ರ ಅವರದೇ ಆಯಿತು. ಇಂದು ಬೇರೆ ಯಾರನ್ನೂ ಆ ಜಾಗದಲ್ಲಿ ಊಹಿಸಿಕೊಳ್ಳಲು ಆಗುವುದಿಲ್ಲ. ಆದರೆ 2009ರ ಆರಂಭದಲ್ಲಿ "ಬ್ಲ್ಯಾಕ್ ವಿಡೋ ಎಮಿಲಿ ಬ್ಲಂಟ್" ಅಂತ ಬರೆದ ಪತ್ರಕರ್ತರು ಸುಳ್ಳು ಬರೆದಿರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ, 1992ರ 'ಬ್ಯಾಟ್‌ಮ್ಯಾನ್ ರಿಟರ್ನ್ಸ್' ಚಿತ್ರಕ್ಕೆ ಕ್ಯಾಟ್‌ವುಮನ್ ಆಗಿ ಆಯ್ಕೆಯಾಗಿದ್ದವರು ಅನೆಟ್ ಬೆನಿಂಗ್. ಅವರು ಗರ್ಭಿಣಿಯಾದ್ದರಿಂದ ಬಿಡಬೇಕಾಯಿತು, ಮಿಶೆಲ್ ಫೈಫರ್ ಬಂದರು. ಆ ನಡುವೆ ಶಾನ್ ಯಂಗ್ ಎಂಬ ನಟಿ ತಾವೇ ಬೆಕ್ಕಿನ ವೇಷ ಹೊಲಿಸಿಕೊಂಡು ಸ್ಟುಡಿಯೋಗೆ ಹೋಗಿ ನಿರ್ದೇಶಕ ಟಿಮ್ ಬರ್ಟನ್‌ರನ್ನು ಕಾಣಬೇಕು ಅಂತ ಪಟ್ಟು ಹಿಡಿದಿದ್ದರು. ಅದನ್ನು ಕೇಳಿ ನಕ್ಕವರಿದ್ದಾರೆ. ನನಗೆ ಅವರ ಹಿಂದಿನ ಕಥೆ ನೆನಪಾಗುತ್ತದೆ. 1989ರ 'ಬ್ಯಾಟ್‌ಮ್ಯಾನ್' ಚಿತ್ರಕ್ಕೆ ನಾಯಕಿಯಾಗಿ ಆಯ್ಕೆಯಾಗಿ, ಕುದುರೆಯಿಂದ ಬಿದ್ದು ಗಾಯವಾಗಿ, ಆ ಪಾತ್ರವನ್ನು ಕಳೆದುಕೊಂಡವರು ಅವರು.

ಚಿತ್ರೀಕರಣ ಆದ ಮೇಲೂ ಖಾತ್ರಿ ಇಲ್ಲ. 'ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್ 2' ಚಿತ್ರಕ್ಕೆ ಮೇರಿ ಜೇನ್ ಪಾತ್ರದಲ್ಲಿ ಶೈಲೀನ್ ವುಡ್ಲಿ ನಟಿಸಿದರು. ಸೆಟ್‌ನ ಫೋಟೋಗಳೂ ಹೊರಬಂದವು. 2014ರಲ್ಲಿ ಚಿತ್ರ ತೆರೆಗೆ ಬಂದಾಗ ಆ ಪಾತ್ರವೇ ಇರಲಿಲ್ಲ. ಕಥೆಯ ಭಾರ ಕಡಿಮೆ ಮಾಡಲು ದೃಶ್ಯಗಳನ್ನು ತೆಗೆದಿದ್ದರು.

ಹೆಸರು ನಿಜ, ಪಾತ್ರ ಬೇರೆ

ಕೊನೆಯದಾಗಿ ಒಂದು ತೊಡಕು. ನಟಿ ಆ ಚಿತ್ರದಲ್ಲಿದ್ದಾರೆ ಅನ್ನುವುದು ನಿಜವಾಗಿ, ಯಾವ ಪಾತ್ರ ಅನ್ನುವುದು ಮುಚ್ಚಿಟ್ಟ ವಿಷಯವಾಗಿರಬಹುದು. ಗುಟ್ಟು ಎಷ್ಟಿರುತ್ತದೆಂದರೆ ಚಿತ್ರದ ಹೆಸರೇ ಬೇರೆ ಇರುತ್ತದೆ. 'ದಿ ಡಾರ್ಕ್ ನೈಟ್ ರೈಸಸ್' ಚಿತ್ರೀಕರಣ ನಡೆದಿದ್ದು 'ಮ್ಯಾಗ್ನಸ್ ರೆಕ್ಸ್' ಅನ್ನುವ ಹೆಸರಿನಲ್ಲಿ.

ಈ ಗುಟ್ಟು ಕೆಲವೊಮ್ಮೆ ನಟಿಗೂ ತಿಳಿದಿರುವುದಿಲ್ಲ. ನೋಲನ್‌ರನ್ನು ಕಾಣಲು ಹೋದಾಗ ಹ್ಯಾಥವೇ ಅದು ಹಾರ್ಲಿ ಕ್ವಿನ್ ಪಾತ್ರ ಅಂದುಕೊಂಡಿದ್ದರಂತೆ. ಹಾರ್ಲಿ ಅಂದರೆ ಜೋಕರ್‌ನ ಜೊತೆಗಾತಿ, ಹುಚ್ಚು ನಗುವಿನವಳು. ಅದಕ್ಕೆ ಒಪ್ಪುವ ಬಟ್ಟೆ ಹಾಕಿಕೊಂಡು, ಮಾತಿನ ನಡುವೆ ಜೋಕರ್ ಥರ ನಗುತ್ತಾ ಕೂತಿದ್ದರು. ಸುಮಾರು ಒಂದು ಗಂಟೆಯಾದ ಮೇಲೆ ಇದು ಕ್ಯಾಟ್‌ವುಮನ್ ಪಾತ್ರ ಅಂತ ನೋಲನ್ ಹೇಳಿದರು. ಹ್ಯಾಥವೇ ಕೂತಲ್ಲೇ ನಗು ಬದಲಿಸಿ, ಮೈ ಸಡಿಲಿಸಿ, ಬೆಕ್ಕಿನ ನಯಕ್ಕೆ ಇಳಿಯಬೇಕಾಯಿತು. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಒಳಗೆ ಕೂತವರಿಗೇ ಪಾತ್ರ ಯಾವುದೆಂದು ಗೊತ್ತಿಲ್ಲದಿದ್ದಾಗ ಹೊರಗಿನ ಸುದ್ದಿ ತಪ್ಪುವುದು ಸಹಜ.

ಇದಕ್ಕೆ ಉಲ್ಟಾ ಆಗುವುದೂ ಉಂಟು. 2011ರ ಏಪ್ರಿಲ್‌ನಲ್ಲಿ ಸ್ಟುಡಿಯೋ ಅಧಿಕೃತವಾಗಿ ಹೇಳಿತು: ಮಾರಿಯೋನ್ ಕೊಟಿಯಾರ್ ಪಾತ್ರದ ಹೆಸರು ಮಿರಾಂಡಾ ಟೇಟ್, ಬ್ಯಾಟ್‌ಮ್ಯಾನ್‌ನ ಕಂಪನಿಯಾದ ವೇಯ್ನ್ ಎಂಟರ್‌ಪ್ರೈಸಸ್‌ನ ನಿರ್ದೇಶಕ ಮಂಡಳಿಯ ಸದಸ್ಯೆ. ಗಾಳಿಸುದ್ದಿ ಮಾತ್ರ ಬೇರೆ ಹೇಳುತ್ತಿತ್ತು: ಅವರು ತಾಲಿಯಾ, ಮೊದಲ ಭಾಗದ ಖಳನಾಯಕ ರಾಸ್ ಅಲ್ ಗೂಲ್‌ನ ಮಗಳು. ವರ್ಷಕ್ಕೂ ಹೆಚ್ಚು ಕಾಲ ಎರಡೂ ಮಾತು ಅಕ್ಕಪಕ್ಕ ನಡೆದವು. 2012ರ ಜುಲೈನಲ್ಲಿ ಚಿತ್ರ ತೆರೆಕಂಡಿತು. ಕೊನೆಯ ಹೊತ್ತಿಗೆ ಮಿರಾಂಡಾ ಬ್ಯಾಟ್‌ಮ್ಯಾನ್ ಪಕ್ಕೆಗೆ ಚೂರಿ ಹಾಕಿ ತನ್ನ ನಿಜವಾದ ಹೆಸರು ಹೇಳಿದಳು. ತಾಲಿಯಾ.